ಚಿಕಿತ್ಸಕರ ಗಾಯ, ರೋಗಿಯ ನೋವು

ಮನಸ್ಸಿಗೆ ಪೆಟ್ಟುಬಿದ್ದವರು ಆಪ್ತಸಮಾಲೋಚಕರ ಬಾಗಿಲು ತಟ್ಟುವ ಮೊದಲು ಅವರ ಪದವಿಯ ಬಗ್ಗೆ ಅಷ್ಟಾಗಿ ವಿಚಾರಿಸುವುದಿಲ್ಲ. ನಾನು ಹೇಳುವುದು ಅವರಿಗೆ ಅರ್ಥವಾದೀತೇ ಎಂಬುದೇ ಅವರ ಚಿಂತೆ. ಅರ್ಥವಾಗಬೇಕಾದರೆ ಅವರೂ ಒಂದಿಷ್ಟು ನೋವು ಉಂಡಿರಬೇಕು ಎಂಬ ನಂಬಿಕೆ ಆ ಚಿಂತೆಯೊಳಗೇ ಕೂತಿರುತ್ತದೆ. ಕನ್ನಡದಲ್ಲಂತೂ ಮಾತು ಈ ಕಡೆ ಹೊರಳಿದರೆ ಸಾಕು, ಯಾರಾದರೊಬ್ಬರು ‘ನೊಂದವರ ನೋವ ನೋಯದವರೆತ್ತ ಬಲ್ಲರು’ ಎಂಬ ಅಕ್ಕಮಹಾದೇವಿಯ ಪ್ರಸಿದ್ಧ ವಚನವನ್ನು ನೆನೆದೇ ನೆನೆಯುತ್ತಾರೆ. (ಅಕ್ಕ ತನ್ನ ವಿರಹದ ಆಳವನ್ನು ಹೇಳುತ್ತಿದ್ದಳೇ ಹೊರತು ಚಿಕಿತ್ಸಕರ ನೇಮಕಾತಿಗೆ ಅರ್ಹತೆ ಗೊತ್ತುಮಾಡುತ್ತಿರಲಿಲ್ಲ ಎಂಬುದನ್ನು ಮಾತ್ರ ಮರೆಯುತ್ತೇವೆ.) ಗ್ರೀಕರಲ್ಲಿ ಇದೇ ನಂಬಿಕೆ ಕೈರನ್‌ನ ಕಥೆಯಾಗಿದೆ. ಹೆರಾಕ್ಲೀಸನ ವಿಷದ ಬಾಣ ತಗುಲಿ ಎಂದೂ ಮಾಯದ ಗಾಯ ಹೊತ್ತ ಕೈರನ್, ವೈದ್ಯದೇವತೆ ಅಸ್ಕ್ಲೀಪಿಯಸ್‌ಗೆ ವಿದ್ಯೆ ಕಲಿಸಿದ ಗುರು. 1951ರ ಒಂದು ಪ್ರಬಂಧದಲ್ಲಿ ಕಾರ್ಲ್ ಯೂಂಗ್ ಈ ‘ಗಾಯಗೊಂಡ ವೈದ್ಯ’ನನ್ನು ಮನೋಚಿಕಿತ್ಸೆಯೊಳಕ್ಕೆ ಕರೆತಂದರು, ವೈದ್ಯನ ಗುಣಪಡಿಸುವ ಶಕ್ತಿಗೆ ಅವನ ಗಾಯವೇ ಅಳತೆ ಎಂದರು. ಆಳಕ್ಕಿಳಿಯುವ ಯಾವುದೇ ಚಿಕಿತ್ಸೆಯ ಅರ್ಧಭಾಗ ವೈದ್ಯನು ತನ್ನನ್ನೇ ಪರೀಕ್ಷಿಸಿಕೊಳ್ಳುವುದು ಎಂದೂ ಅದೇ ಜಾಗದಲ್ಲಿ ಹೇಳಿದರು. ಮೊದಲ ಮಾತು ಜಗತ್ತಿಗೆಲ್ಲ ಹಬ್ಬಿತು, ಎರಡನೆಯದನ್ನು ಕೇಳಿಸಿಕೊಂಡವರು ಕಡಿಮೆ. ಕಳೆದ ಮೂರು ದಶಕಗಳ ಸಂಶೋಧನೆಯನ್ನು ಒಟ್ಟಿಗೆ ಇಟ್ಟು ನೋಡಿದರೆ ನನಗೆ ಕಾಣುವುದು ಇಷ್ಟು: ಚಿಕಿತ್ಸಕರ ಸ್ವಂತ ನೋವು ರೋಗಿಯ ನೋವಿನ ಬಗ್ಗೆ ಹೇಳಿಕೊಡುವುದು ನಾವಂದುಕೊಂಡದ್ದಕ್ಕಿಂತ ಬಹಳ ಕಡಿಮೆ, ರೋಗಿಯಾಗಿ ಬದುಕುವುದು ಹೇಗಿರುತ್ತದೆ ಎಂಬುದರ ಬಗ್ಗೆ ಹೇಳಿಕೊಡುವುದು ಹೆಚ್ಚು. ಈ ಎರಡನ್ನೂ ಒಂದೇ ಎಂದು ತಿಳಿದಾಗ ತೊಂದರೆ ಶುರುವಾಗುತ್ತದೆ.

ನೊಂದ ಚಿಕಿತ್ಸಕರು ಅಪರೂಪವೇನಲ್ಲ. ಕೆನೆತ್ ಪೋಪ್ ಮತ್ತು ಬಾರ್ಬರಾ ಟಬಾಚ್ನಿಕ್ 1994ರಲ್ಲಿ ಪ್ರಕಟಿಸಿದ ಅಮೆರಿಕದ ಮನಶ್ಶಾಸ್ತ್ರಜ್ಞರ ಸಮೀಕ್ಷೆಯಲ್ಲಿ ಉತ್ತರಿಸಿದವರ ಪೈಕಿ ಶೇ 84ರಷ್ಟು ಮಂದಿ ತಾವೇ ಒಮ್ಮೆಯಾದರೂ ಚಿಕಿತ್ಸೆ ಪಡೆದವರು. ಶೇ 61ರಷ್ಟು ಮಂದಿ ಖಿನ್ನತೆ ಎನ್ನಬಹುದಾದ ಒಂದು ಅವಧಿಯನ್ನಾದರೂ ದಾಟಿ ಬಂದಿದ್ದರು, ಶೇ 29ರಷ್ಟು ಮಂದಿಗೆ ಆತ್ಮಹತ್ಯೆಯ ಭಾವನೆ ಬಂದಿತ್ತು. 2022ರಲ್ಲಿ ಪ್ರಕಟವಾದ, ಅಮೆರಿಕ ಮತ್ತು ಕೆನಡಾದ ಮನಶ್ಶಾಸ್ತ್ರ ವಿಭಾಗಗಳ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳ ನಡುವೆ ನಡೆದ ಇನ್ನೊಂದು ಸಮೀಕ್ಷೆಯಲ್ಲಿ ಐವರಲ್ಲಿ ನಾಲ್ವರು ಜೀವನದ ಯಾವುದೋ ಘಟ್ಟದಲ್ಲಿ ಮಾನಸಿಕ ತೊಂದರೆ ಅನುಭವಿಸಿದ್ದಾಗಿ ಹೇಳಿಕೊಂಡರು. ಇಂಥ ಸಮೀಕ್ಷೆಗೆ ಉತ್ತರ ಬರೆದು ಕಳಿಸುವವರಲ್ಲಿ ನೊಂದವರೇ ಹೆಚ್ಚಿರಬಹುದು ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೆ ಬೇಕಾದಷ್ಟು ರಿಯಾಯಿತಿ ಕೊಟ್ಟರೂ, ಗಾಯವಿಲ್ಲದ ಚಿಕಿತ್ಸಕ ಎಂಬುದು ಹೆಚ್ಚಾಗಿ ರೋಗಿಗಳ ಕಲ್ಪನೆ ಎಂದು ಒಪ್ಪಬೇಕಾಗುತ್ತದೆ. ಹಾಗಾಗಿ ಗಾಯ ಇದೆಯೇ ಇಲ್ಲವೇ ಎಂದು ಕೇಳಿ ಫಲವಿಲ್ಲ, ಅದು ಚಿಕಿತ್ಸೆಯ ಕೋಣೆಯಲ್ಲಿ ಏನು ಕೆಲಸ ಮಾಡುತ್ತದೆ ಎಂದು ಕೇಳಬೇಕು.

ನೋವನ್ನೇ ಅರಿಯದವರು ಇನ್ನೊಬ್ಬರ ನೋವನ್ನು ಅರಿಯಬಲ್ಲರೇ ಎಂಬ ಪ್ರಶ್ನೆಗೆ ಪ್ರಕೃತಿಯೇ ಒಂದು ವಿಚಿತ್ರ ಪರೀಕ್ಷೆಯನ್ನು ಒಡ್ಡಿದೆ. ಹುಟ್ಟಿನಿಂದಲೇ ದೈಹಿಕ ನೋವಿನ ಸಂವೇದನೆಯೇ ಇಲ್ಲದ ಕೆಲವರಿದ್ದಾರೆ. ಕುದಿಯುವ ನೀರು ಬಿದ್ದರೂ, ಮೂಳೆ ಮುರಿದರೂ ಅವರಿಗೆ ತಿಳಿಯದು. ಇಂಥ 12 ಜನರನ್ನು ನಿಕೊಲಾ ಡಾನ್‌ಜಿಗರ್ ಮತ್ತು ಸಂಗಡಿಗರು ಅಧ್ಯಯನ ಮಾಡಿ 2006ರಲ್ಲಿ ‘ಬ್ರೈನ್’ ಪತ್ರಿಕೆಯಲ್ಲಿ ವರದಿ ಮಾಡಿದರು. ನೋವಿನಿಂದ ಹಿಂಡಿದ ಮುಖದ ಚಿತ್ರಗಳನ್ನು ತೋರಿಸಿದಾಗ ಇವರು ಉಳಿದವರಂತೆಯೇ ನೋವಿನ ಪ್ರಮಾಣವನ್ನು ಹೇಳಿದರು. ಆದರೆ ಮುಖ ಕಾಣದೆ, ಚೀರಾಟ ಕೇಳದೆ, ಬರೀ ಪೆಟ್ಟು ಬೀಳುವುದನ್ನು ತೋರಿಸಿದಾಗ ಅಥವಾ ಹೀಗೊಂದು ಅಪಘಾತವಾಯಿತು ಎಂದು ಮಾತಿನಲ್ಲಿ ಹೇಳಿದಾಗ ಅವರ ಅಂದಾಜು ಇಳಿಯಿತು. ಅದೂ ಎಲ್ಲರಲ್ಲಿ ಒಂದೇ ಸಮನಾಗಿ ಅಲ್ಲ. ಸ್ವಭಾವತಃ ಪರರ ಭಾವನೆಗೆ ಮಿಡಿಯುವವರು ಆ ಕೊರತೆಯನ್ನು ತುಂಬಿಕೊಂಡಿದ್ದರು. ಚಿಕಿತ್ಸಕರಿಗೆ ಇದರಲ್ಲಿ ಎರಡು ಪಾಠಗಳಿವೆ. ನೋವು ಹೊರಗೆ ಕಾಣುತ್ತಿರುವಾಗ ಅದನ್ನು ಗುರುತಿಸಲು ಸ್ವಂತ ಅನುಭವ ಬೇಕಿಲ್ಲ. ಆದರೆ ನಗುತ್ತಲೇ ಕೂತು ಮಾತಾಡುವವರ, ಎಲ್ಲ ಸರಿಯಿದೆ ಎನ್ನುವವರ ನೋವನ್ನು ಊಹಿಸಬೇಕಾದ ಕಡೆ ಅನುಭವ ಸಹಾಯಕ್ಕೆ ಬರುತ್ತದೆ, ಅದಿಲ್ಲದವರು ಪ್ರಯತ್ನಪಟ್ಟು ಆ ಜಾಗ ತುಂಬಬೇಕಾಗುತ್ತದೆ.

ಮಿದುಳಿನ ಅಧ್ಯಯನಗಳೂ ಒಂದು ಹಂತದವರೆಗೆ ಇದನ್ನೇ ಹೇಳುತ್ತವೆ. ತಾನಿಯಾ ಸಿಂಗರ್ 2004ರಲ್ಲಿ ಜೋಡಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಸಂಗಾತಿಯ ಕೈಗೆ ಶಾಕ್ ಕೊಡುತ್ತಿದ್ದಾರೆ ಎಂದು ತಿಳಿದ ಮಹಿಳೆಯರ ಮಿದುಳಿನಲ್ಲಿ ನೋವಿನ ಸಂಕಟಕ್ಕೆ ಸಂಬಂಧಿಸಿದ ಭಾಗಗಳು ಎಚ್ಚೆತ್ತವು. ಎಲ್ಲಿ, ಎಷ್ಟು ಉರಿಯುತ್ತಿದೆ ಎಂದು ತಿಳಿಸುವ ಭಾಗಗಳು ಸುಮ್ಮನಿದ್ದವು. ಮನೆಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರೆ ನುಂಗಿದವರಲ್ಲಿ ಇತರರ ನೋವಿಗೆ ಮಿಡಿಯುವ ಗುಣ ತುಸು ತಗ್ಗಿತು ಎಂದು 2016ರಲ್ಲಿ ಇನ್ನೊಂದು ತಂಡ ವರದಿ ಮಾಡಿತು. ಸ್ವಂತ ನೋವಿನ ಯಂತ್ರವನ್ನೇ ಸ್ವಲ್ಪ ಬಳಸಿ ನಾವು ಪರರ ನೋವನ್ನು ಓದುತ್ತೇವೆ ಎಂದು ಇದರಿಂದ ಹೇಳಬಹುದು, ಅದಕ್ಕಿಂತ ಹೆಚ್ಚಿನದನ್ನು ಹೇಳಲಾಗದು. ಸೂಜಿ ಚುಚ್ಚುವುದನ್ನೇ ಕಸುಬಾಗಿಸಿಕೊಂಡ ಅಕ್ಯುಪಂಕ್ಚರ್ ವೈದ್ಯರಲ್ಲಿ ಅದೇ ಭಾಗಗಳು ಸೂಜಿಯ ದೃಶ್ಯಕ್ಕೆ ಹೆಚ್ಚು ಮಿಡಿಯುವುದಿಲ್ಲ ಎಂದು 2007ರಲ್ಲೇ ಕಂಡುಬಂದಿತ್ತು. ಅದನ್ನು ಕಲ್ಲುಮನಸ್ಸು ಎನ್ನಲಾಗದು. ಪ್ರತಿ ಸೂಜಿಗೂ ಬೆಚ್ಚುವ ವೈದ್ಯರ ಕೈಗೆ ಯಾರೂ ತಮ್ಮ ಬೆನ್ನು ಕೊಡುವುದಿಲ್ಲ.

ಇನ್ನು ನಮ್ಮ ಸಾಮಾನ್ಯ ನಂಬಿಕೆಯನ್ನು ಅಲುಗಾಡಿಸುವ ಅಧ್ಯಯನದ ವಿಚಾರ. ರೇಚೆಲ್ ರುಟ್ಟನ್, ಮೇರಿ-ಹಂಟರ್ ಮೆಕ್‌ಡೊನೆಲ್ ಮತ್ತು ಲೊರನ್ ನಾರ್ಡ್‌ಗ್ರೆನ್ 2015ರಲ್ಲಿ ಪ್ರಕಟಿಸಿದ ಪ್ರಯೋಗಗಳ ಸರಣಿ ಅದು. ಚಳಿಗಾಲದ ಮಿಷಿಗನ್ ಸರೋವರಕ್ಕೆ ಧುಮುಕಲು ಹೆಸರು ಕೊಟ್ಟವರಿಗೆ, ಕೊನೆಯ ಗಳಿಗೆಯಲ್ಲಿ ಹೆದರಿ ಹಿಂದೆ ಸರಿದ ಒಬ್ಬನ ಕಥೆಯನ್ನು ಓದಿಸಿದರು. ಇನ್ನೂ ಧುಮುಕದವರಿಗೆ ಅವನ ಮೇಲೆ ಕನಿಕರ ಬಂತು. ಧುಮುಕಿ ಬಂದು ವಾರ ಕಳೆದವರಿಗೆ ಕನಿಕರ ಕಡಿಮೆಯಾಗಿ ತಾತ್ಸಾರ ಹೆಚ್ಚಿತು. ಕೆಲಸ ಸಿಗದೆ ಸೋತು ಮಾದಕವಸ್ತು ಮಾರಲು ಹೋದ ಯುವಕನ ಕಥೆಯನ್ನು ಓದಿದಾಗಲೂ ಹಾಗೆಯೇ. ಒಮ್ಮೆ ನಿರುದ್ಯೋಗದಿಂದ ಬಳಲಿ ಎದ್ದುಬಂದವರೇ ಅವನ ಬಗ್ಗೆ ಹೆಚ್ಚು ಕಟುವಾಗಿದ್ದರು. ಶಾಲೆಯಲ್ಲಿ ಸಹಪಾಠಿಗಳ ಕಾಟಕ್ಕೆ ಗುರಿಯಾದ ಹುಡುಗನ ಉದಾಹರಣೆಯಲ್ಲಿ ಒಂದು ಸೂಕ್ಷ್ಮವಿದೆ. ಹುಡುಗ ಸಹಿಸಿಕೊಂಡು ನಿಂತ ಎಂದಾಗ, ಹಿಂದೆ ಕಾಟ ಉಂಡವರು ಉಳಿದವರಿಗಿಂತ ಹೆಚ್ಚು ಮರುಗಿದರು. ತಾಳಲಾರದೆ ತಿರುಗಿ ಹೊಡೆದ ಎಂದಾಗ ಉಳಿದವರಿಗಿಂತ ಕಡಿಮೆ ಮರುಗಿದರು. ಕಾರಣವನ್ನು ಸಂಶೋಧಕರು ಎರಡು ಎಳೆಯಲ್ಲಿ ವಿವರಿಸುತ್ತಾರೆ. ಕಳೆದ ನೋವಿನ ತೀವ್ರತೆ ನಮಗೆ ಸರಿಯಾಗಿ ನೆನಪಿರುವುದಿಲ್ಲ. ಆದರೆ ಅದನ್ನು ದಾಟಿದೆವು ಎಂಬುದು ಚೆನ್ನಾಗಿ ನೆನಪಿರುತ್ತದೆ. ಎರಡೂ ಸೇರಿದರೆ ‘ಅಂಥದ್ದೇನೂ ಅಲ್ಲ, ನಾನು ದಾಟಲಿಲ್ಲವೇ’ ಎಂಬ ತೀರ್ಪು ಹುಟ್ಟುತ್ತದೆ. ಇದರ ಪರಿಣಾಮ ಚಿಕಿತ್ಸೆಯಲ್ಲಿ ಹೇಗಿರಬಹುದು ಎಂದು ಊಹಿಸುವುದು ಕಷ್ಟವಲ್ಲ. ಚಿಕಿತ್ಸಕರ ಬಳಿ ಬರುವವರಲ್ಲಿ ಬಹಳಷ್ಟು ಮಂದಿ ಆ ಹೊತ್ತಿಗೆ ತಾಳಲಾರದೆ ತಿರುಗಿ ಹೊಡೆದವರೇ: ಕುಡಿತಕ್ಕೆ ಮರಳಿದವರು, ಮಾತ್ರೆ ಬಿಟ್ಟವರು, ಮನೆಯವರ ಮೇಲೆ ಕೈಮಾಡಿದವರು. ಕುಡಿತ ಬಿಟ್ಟ ಸಮಾಲೋಚಕರು ನಾಲ್ಕನೆಯ ಸಲ ಜಾರಿದವನನ್ನು ನೋಡುವಾಗ ಈ ಪ್ರಯೋಗದ ಫಲ ನೆನಪಿರಬೇಕು.

ಹಾಗಾದರೆ ಒಂದೇ ಬಗೆಯ ಅನುಭವ ಇದ್ದರೆ ರೋಗಿಯ ಮನಸ್ಸನ್ನು ಹೆಚ್ಚು ನಿಖರವಾಗಿ ಓದಬಹುದಲ್ಲವೇ? ಸಾರಾ ಹಾಜಸ್ ಮತ್ತು ಸಂಗಡಿಗರು ಇದನ್ನು ಬಾಣಂತಿಯರ ವಿಷಯದಲ್ಲಿ ಪರೀಕ್ಷಿಸಿ 2010ರಲ್ಲಿ ಬರೆದರು. ಹೊಸದಾಗಿ ಹೆತ್ತವರು ತಮ್ಮ ಅನುಭವ ಹೇಳಿಕೊಳ್ಳುವ ವಿಡಿಯೊಗಳನ್ನು ತಾಯಂದಿರಿಗೂ, ಗರ್ಭಿಣಿಯರಿಗೂ, ಎಂದೂ ಬಸುರಾಗದವರಿಗೂ ತೋರಿಸಿ, ಆಯಾ ಕ್ಷಣದಲ್ಲಿ ಮಾತಾಡುವವಳ ಮನಸ್ಸಿನಲ್ಲಿ ಏನಿತ್ತು ಎಂದು ಊಹಿಸಲು ಹೇಳಿದರು. ಹೆತ್ತವರಿಗೆ ಕಾಳಜಿ ಹೆಚ್ಚಿತ್ತು, ಆದರೆ ಊಹೆಯ ನಿಖರತೆ ಹೆಚ್ಚಿರಲಿಲ್ಲ. ತನ್ನ ಮಾತು ಕೇಳಿದವಳೂ ಹೆತ್ತವಳೇ ಎಂದಾಗ ಬಾಣಂತಿಗೆ ಮಾತ್ರ ಇವಳಿಗೆ ನಾನು ಅರ್ಥವಾಗಿದ್ದೇನೆ ಎನ್ನಿಸಿತ್ತು. ಇನ್ನೊಬ್ಬರ ಜಾಗದಲ್ಲಿ ನಿಂತು ಯೋಚಿಸಿದರೆ ಅವರ ಮನಸ್ಸು ತಿಳಿಯುತ್ತದೆಯೇ ಎಂದು ತಾಲ್ ಎಯಾಲ್, ಮೇರಿ ಸ್ಟೆಫೆಲ್ ಮತ್ತು ನಿಕೋಲಸ್ ಎಪ್ಲಿ 25 ಪ್ರಯೋಗಗಳಲ್ಲಿ ಹುಡುಕಿದರು. ಅವರು 2018ರಲ್ಲಿ ಕೊಟ್ಟ ಉತ್ತರ ನೇರವಾಗಿದೆ: ಹಾಗೆ ಯೋಚಿಸುವುದರಿಂದ ನಿಖರತೆ ಹೆಚ್ಚುವುದಿಲ್ಲ, ಬಾಯಿಬಿಟ್ಟು ಕೇಳಿದರೆ ಹೆಚ್ಚುತ್ತದೆ. ನಮ್ಮಲ್ಲಿ ಇದರ ಮಹತ್ವ ಇನ್ನೂ ದೊಡ್ಡದು. ಜಿಲ್ಲಾ ಆಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಬರುವ ಹಳ್ಳಿಯ ಹೆಂಗಸು ತನಗೆ ಖಿನ್ನತೆ ಇದೆ ಎನ್ನುವುದಿಲ್ಲ. ತಲೆ ಉರಿ, ಎದೆ ಭಾರ, ಕೈಕಾಲು ಜೋಮು, ನಿದ್ದೆಯಿಲ್ಲ ಎನ್ನುತ್ತಾಳೆ. ಎದುರಿಗೆ ಕೂತ ಸಮಾಲೋಚಕಿ ತಾನೂ ಖಿನ್ನತೆ ಉಂಡವಳೇ ಇರಬಹುದು. ಆದರೆ ಅವಳದು ನಗರದ ಬಾಡಿಗೆ ಮನೆಯ ಒಂಟಿತನ, ಕಚೇರಿಯ ಒತ್ತಡ, ಇಂಗ್ಲಿಷ್ ಪುಸ್ತಕಗಳಿಂದ ಕಲಿತ ಹೆಸರುಗಳು. ನನಗೂ ಹೀಗೇ ಆಗಿತ್ತು ಎಂದುಕೊಂಡ ಕ್ಷಣದಲ್ಲಿ ಅವಳು ಕೇಳುವುದನ್ನು ನಿಲ್ಲಿಸುತ್ತಾಳೆ. ಆ ಎದೆ ಭಾರದ ಹಿಂದೆ ಮೈಕ್ರೊಫೈನಾನ್ಸ್ ಕಂತು ಇದೆಯೋ, ಗಂಡನ ಕುಡಿತವೋ, ಥೈರಾಯ್ಡ್ ತೊಂದರೆಯೋ ಎಂಬುದು ಕೇಳದೆ ತಿಳಿಯುವ ವಿಷಯವಲ್ಲ.

ಇಲ್ಲೊಂದು ಗಟ್ಟಿಯಾದ ಆಕ್ಷೇಪ ಬರುತ್ತದೆ. ನಿಖರತೆ ಹಾಗಿರಲಿ, ಅರ್ಥಮಾಡಿಕೊಂಡಿದ್ದಾರೆ ಎಂದು ರೋಗಿಗೆ ಅನ್ನಿಸಿದರೆ ಅದೇ ಅರ್ಧ ಔಷಧಿಯಲ್ಲವೇ? ಈ ಮಾತಿಗೆ ಪುರಾವೆಯ ಬೆಂಬಲವಿದೆ. ರಾಬರ್ಟ್ ಎಲಿಯಟ್ ಮತ್ತು ಸಂಗಡಿಗರು 2018ರಲ್ಲಿ 82 ಅಧ್ಯಯನ ಗುಂಪುಗಳನ್ನು, ಆರು ಸಾವಿರಕ್ಕೂ ಹೆಚ್ಚು ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ, ಚಿಕಿತ್ಸೆಯ ಫಲದಲ್ಲಿ ಕಾಣುವ ವ್ಯತ್ಯಾಸದ ಸುಮಾರು ಶೇ 8ರಷ್ಟಕ್ಕೆ ಚಿಕಿತ್ಸಕರ ಪರಾನುಭೂತಿಯ ನಂಟಿತ್ತು. ಈ ಕ್ಷೇತ್ರದಲ್ಲಿ ಇದು ಸಣ್ಣ ಸಂಖ್ಯೆಯಲ್ಲ. ಜೊತೆಗೆ, ತಾನೆಷ್ಟು ಅರ್ಥಮಾಡಿಕೊಂಡೆ ಎಂದು ಚಿಕಿತ್ಸಕರು ತಮಗೇ ಕೊಟ್ಟುಕೊಂಡ ಅಂಕಕ್ಕಿಂತ ರೋಗಿ ಕೊಟ್ಟ ಅಂಕವೇ ಫಲವನ್ನು ಚೆನ್ನಾಗಿ ಮುನ್ಸೂಚಿಸುತ್ತದೆ. ಹಾಗಾಗಿ ಆಕ್ಷೇಪದ ಅರ್ಧವನ್ನು ಒಪ್ಪಲೇಬೇಕು. ಆದರೆ ಆ ಅನ್ನಿಸಿಕೆಯನ್ನು ಗಾಯವೇ ತರುತ್ತದೆ ಎಂದಾದರೆ, ಸ್ವಂತ ಅನುಭವ ಇರುವವರ ರೋಗಿಗಳು ಹೆಚ್ಚು ಗುಣವಾಗಬೇಕಿತ್ತು. ಮಾನಸಿಕ ಆರೋಗ್ಯ ಸೇವೆಗಳಲ್ಲಿ ಕೆಲಸಕ್ಕೆ ಸೇರಿದ ಮಾಜಿ ರೋಗಿಗಳನ್ನು ಕುರಿತ 11 ಪ್ರಯೋಗಗಳನ್ನು ಕಾಕ್ರೇನ್ ಸಂಸ್ಥೆ 2013ರಲ್ಲಿ ಪರಿಶೀಲಿಸಿತು. ಸಾಮಾನ್ಯ ಸಿಬ್ಬಂದಿಗೆ ಹೋಲಿಸಿದರೆ ಫಲಿತಾಂಶ ಹೆಚ್ಚೂ ಇರಲಿಲ್ಲ, ಕಡಿಮೆಯೂ ಇರಲಿಲ್ಲ. ವ್ಯಸನ ಚಿಕಿತ್ಸೆಯಲ್ಲಿ ಸ್ವತಃ ವ್ಯಸನದಿಂದ ಹೊರಬಂದ ಸಮಾಲೋಚಕರು ಮತ್ತು ಉಳಿದವರ ಬಗ್ಗೆ ಪ್ರಕಟವಾದ ಅಧ್ಯಯನಗಳನ್ನು 2000ದಲ್ಲಿ ಜಾನ್ ಕಲ್‌ಬ್ರೆತ್ ಪರಿಶೀಲಿಸಿದಾಗಲೂ ಹಾಗೇ ಕಂಡಿತು: ಕೆಲಸದ ರೀತಿ ಬೇರೆ, ಫಲ ಒಂದೇ. ಈ ‘ಕಡಿಮೆಯೂ ಇಲ್ಲ’ ಎಂಬುದನ್ನು ಹಗುರಾಗಿ ಕಾಣಬಾರದು. ರೋಗಿಯಾಗಿದ್ದವರು ಚಿಕಿತ್ಸಕರಾಗಲು ಲಾಯಕ್ಕಿಲ್ಲ ಎಂಬ ಹಳೆಯ ಪೂರ್ವಗ್ರಹಕ್ಕೂ ಅದೇ ಉತ್ತರ.

ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಮಾತನ್ನು ಎತ್ತದೆ ಇದನ್ನು ಮುಗಿಸುವಂತಿಲ್ಲ. 1935ರಲ್ಲಿ ಓಹಾಯೊದ ಆಕ್ರನ್‌ನಲ್ಲಿ ಬಿಲ್ ವಿಲ್ಸನ್ ಎಂಬ ಷೇರುಪೇಟೆಯವನೂ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯನೂ ಭೇಟಿಯಾದಾಗ ಹುಟ್ಟಿದ ಆ ಕೂಟ ಇವತ್ತಿಗೂ ಬೆಂಗಳೂರಿನವರೆಗೆ ನಡೆದುಬಂದಿದೆ. ಕುಡುಕನ ಮಾತು ಕುಡುಕನಿಗೇ ತಾಗುತ್ತದೆ ಎಂಬುದೇ ಅದರ ಬಂಡವಾಳ. ಆದರೆ ಅಲ್ಲಿ ಇಬ್ಬರೂ ಮಾತಾಡುತ್ತಾರೆ, ಇಬ್ಬರಿಗೂ ಬೇಕಾಗಿರುತ್ತದೆ, ಯಾರೂ ಶುಲ್ಕ ತೆಗೆದುಕೊಳ್ಳುವುದಿಲ್ಲ. ಚಿಕಿತ್ಸೆಯ ಕೋಣೆಯಲ್ಲಿ ಒಬ್ಬರ ಕಥೆಗಷ್ಟೇ ಜಾಗವಿದೆ. ಕೂಟದಲ್ಲಿ ಸಲ್ಲುವ ನ್ಯಾಯವನ್ನು ಕೋಣೆಗೆ ತಂದರೆ ಐವತ್ತು ನಿಮಿಷದಲ್ಲಿ ಇಪ್ಪತ್ತು ನಿಮಿಷ ಚಿಕಿತ್ಸಕರದ್ದೇ ಆಗಿಬಿಡುತ್ತದೆ.

ಗಾಯ ನಿಜವಾಗಿ ಏನನ್ನು ಕೊಡಬಲ್ಲದು ಎಂಬುದಕ್ಕೆ ಮಾರ್ಷಾ ಲಿನಹನ್‌ಗಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿದ್ದುಕೊಂಡು, ಮತ್ತೆ ಮತ್ತೆ ತಮಗೇ ಹಾನಿ ಮಾಡಿಕೊಳ್ಳುವ, ಬೇರೆ ಚಿಕಿತ್ಸಕರು ಕೈಚೆಲ್ಲಿದ ರೋಗಿಗಳಿಗಾಗಿ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ ಎಂಬ ಚಿಕಿತ್ಸೆಯನ್ನು ಕಟ್ಟಿದವರು ಅವರು. ಕೈಮೇಲಿನ ಕಲೆಗಳನ್ನು ಕಂಡ ರೋಗಿಯೊಬ್ಬಳು, ನೀವೂ ನಮ್ಮಂಥವರೇ ಹೇಳಿಬಿಡಿ ಎಂದು ಕೇಳಿದ ಪ್ರಸಂಗವನ್ನು ಅವರೇ ಹೇಳಿಕೊಂಡಿದ್ದಾರೆ. 2011ರ ಜೂನ್‌ನಲ್ಲಿ, ತಾವು ಹದಿನೇಳನೆಯ ವಯಸ್ಸಿನಲ್ಲಿ ದಾಖಲಾಗಿದ್ದ ಹಾರ್ಟ್‌ಫರ್ಡ್‌ನ ಇನ್‌ಸ್ಟಿಟ್ಯೂಟ್ ಆಫ್ ಲಿವಿಂಗ್ ಆಸ್ಪತ್ರೆಯಲ್ಲೇ ಸಭಿಕರ ಮುಂದೆ ನಿಂತು ಅವರು ಉತ್ತರ ಕೊಟ್ಟರು. 1961ರಲ್ಲಿ ಸೇರಿದ ಅವರು ಅಲ್ಲಿದ್ದುದು 26 ತಿಂಗಳು. ಕೈಯನ್ನು ಸಿಗರೇಟಿನಿಂದ ಸುಟ್ಟುಕೊಳ್ಳುತ್ತಿದ್ದ, ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುತ್ತಿದ್ದ ಹುಡುಗಿಗೆ ಸ್ಕಿಜೋಫ್ರೇನಿಯಾ ಎಂದು ಹೆಸರಿಟ್ಟು, ಔಷಧಿಗಳನ್ನೂ ವಿದ್ಯುತ್ ಚಿಕಿತ್ಸೆಯನ್ನೂ ಕೊಟ್ಟು, ಒಂಟಿ ಕೋಣೆಯಲ್ಲಿ ಕೂಡಿಹಾಕಿದ್ದರು. ಅಲ್ಲಿ ಅವರು ಕಲಿತದ್ದೇನು? ತನ್ನ ಸಂಕಟ ಹೇಗಿತ್ತು ಎಂಬುದು ಅದರ ಒಂದು ಭಾಗ. ಸಹಾಯ ಮಾಡಬೇಕಾದವರು ಮಾಡುತ್ತಿದ್ದುದೆಲ್ಲ ಒಳಗಿನಿಂದ ಹೇಗೆ ಕಾಣುತ್ತಿತ್ತು ಎಂಬುದು ಅದಕ್ಕಿಂತ ದೊಡ್ಡ ಭಾಗ. ಮೊದಮೊದಲು ರೋಗಿಗಳಿಗೆ ಬರೀ ಬದಲಾವಣೆಯ ತಂತ್ರಗಳನ್ನು ಹೇಳಿಕೊಟ್ಟಾಗ ಅವರು ಸಿಡಿದೆದ್ದರು, ತಪ್ಪೆಲ್ಲ ತಮ್ಮದೇ ಎಂದು ಹೇಳಿದಂತೆ ಅವರಿಗೆ ಕೇಳಿಸಿತ್ತು. ಬರೀ ಸಾಂತ್ವನ ಹೇಳಿದಾಗ, ಬದುಕು ಹೀಗೇ ಇರಲಿ ಎನ್ನುತ್ತೀರಾ ಎಂದು ಅದಕ್ಕೂ ಸಿಡಿದರು. ನೀನಿರುವ ಸ್ಥಿತಿ ಅರ್ಥವಾಗುವಂಥದ್ದೇ, ಆದರೂ ಬದಲಾಗಬೇಕು ಎಂಬ ಎರಡನ್ನೂ ಒಟ್ಟಿಗೆ ಹಿಡಿಯುವುದು ಈ ಚಿಕಿತ್ಸೆಯ ಬೆನ್ನೆಲುಬಾಯಿತು. ರುಟ್ಟನ್ ಪ್ರಯೋಗದಲ್ಲಿ ಕಂಡ ಕಟುತನಕ್ಕೆ ಇದು ಮದ್ದು.

ಇನ್ನೆರಡು ಸಂಗತಿಗಳು ನನ್ನ ವಾದಕ್ಕೆ ಮುಖ್ಯ. ಈ ಚಿಕಿತ್ಸೆಯ ಮೊದಲ ದೊಡ್ಡ ಪ್ರಯೋಗ ಪ್ರಕಟವಾದದ್ದು 1991ರಲ್ಲಿ, ಕೈಪಿಡಿ ಬಂದದ್ದು 1993ರಲ್ಲಿ. ಲಿನಹನ್ ಬಾಯಿಬಿಟ್ಟದ್ದು ಎರಡು ದಶಕಗಳ ನಂತರ. ಅಂದರೆ ಜಗತ್ತು ಅದನ್ನು ಒಪ್ಪಿಕೊಂಡದ್ದು ಫಲಿತಾಂಶ ನೋಡಿ, ಅವರ ಜೀವನಕಥೆ ಕೇಳಿ ಅಲ್ಲ. ಎರಡನೆಯದಾಗಿ, ಈ ಚಿಕಿತ್ಸೆ ಮಾಡುವವರು ವಾರವಾರ ಸಹೋದ್ಯೋಗಿಗಳ ತಂಡದ ಮುಂದೆ ಕೂತು ತಮ್ಮ ಕೇಸುಗಳನ್ನೂ ತಮ್ಮ ಬೇಸರ ಸಿಟ್ಟುಗಳನ್ನೂ ಹೇಳಿಕೊಳ್ಳಬೇಕು ಎಂಬುದನ್ನು ಅವರು ಚಿಕಿತ್ಸೆಯ ಅಂಗವಾಗಿಯೇ ಇಟ್ಟರು. ಅಷ್ಟು ಆಳದ ಗಾಯ ಇದ್ದವರೇ ಗಾಯವೊಂದನ್ನೇ ನಂಬಿ ಕೂರಲಿಲ್ಲ. ಕೇ ರೆಡ್‌ಫೀಲ್ಡ್ ಜೇಮಿಸನ್ ಅವರದೂ ಇದೇ ದಾರಿ. ಬೈಪೋಲಾರ್ ಕಾಯಿಲೆಯ ವಿದ್ವಾಂಸರಾದ ಅವರು ಅದೇ ಕಾಯಿಲೆ ತಮಗಿರುವುದನ್ನು 1995ರ ಆತ್ಮಕಥೆಯಲ್ಲಿ ಬರೆದರು. ಲಿಥಿಯಂ ಔಷಧಿ ಬೇಕೆಂದು ಗೊತ್ತಿದ್ದೂ ರೋಗಿ ಯಾಕೆ ಬಿಡುತ್ತಾನೆ, ಉನ್ಮಾದದ ಮೊದಲ ದಿನಗಳ ಸೆಳೆತ ಎಂಥದ್ದು ಎಂಬ ಅವರ ವಿವರಣೆ ಪಠ್ಯಪುಸ್ತಕದಲ್ಲಿ ಸಿಗುವಂಥದ್ದಲ್ಲ. ಅದೂ ರೋಗಿಯ ಕುರ್ಚಿಯಲ್ಲಿ ಕೂತು ಪಡೆದ ತಿಳಿವಳಿಕೆಯೇ.

ಹಾಗಾದರೆ ಇಷ್ಟೆಲ್ಲ ಅಪಾಯವಿರುವಾಗ, ನೊಂದವರನ್ನು ಈ ವೃತ್ತಿಯಿಂದ ದೂರವಿಡುವುದೇ ಕ್ಷೇಮವಲ್ಲವೇ ಎಂದು ಕೇಳುವವರಿದ್ದಾರೆ. ಆರಂಭದಲ್ಲಿ ಹೇಳಿದ ಸಮೀಕ್ಷೆಗಳು ನಿಜವಾದರೆ, ಹಾಗೆ ಮಾಡಿದಾಗ ಕಾಲೇಜುಗಳೇ ಖಾಲಿಯಾಗುತ್ತವೆ. ಉಳಿಯುವವರು ನೊಂದಿಲ್ಲದವರಲ್ಲ, ಮುಚ್ಚಿಟ್ಟವರು. ಅಪಾಯ ಇರುವುದು ಆ ಮುಚ್ಚುಮರೆಯಲ್ಲೇ. ಇನ್ನೂ ಹಸಿಯಾಗಿರುವ ಗಾಯದೊಂದಿಗೆ ಕೆಲಸ ಮಾಡುತ್ತಿರುವವರಿಗೂ, ಗಾಯವನ್ನು ಒಮ್ಮೆ ಬಿಚ್ಚಿ ನೋಡಿ ಮಾಯಿಸಿಕೊಂಡವರಿಗೂ ವ್ಯತ್ಯಾಸವಿದೆ, ಆದರೆ ಯಾರೂ ಕೇಳದ ಕಡೆ ಆ ವ್ಯತ್ಯಾಸ ಗೊತ್ತಾಗುವುದೇ ಇಲ್ಲ. ಫ್ರಾಯ್ಡ್ 1912ರಲ್ಲಿ ಬರೆದ ಒಂದೇ ಪ್ರಬಂಧದಲ್ಲಿ ಎರಡು ಸಲಹೆಗಳಿವೆ. ಭಾವನೆಗಳನ್ನು ಬದಿಗಿಟ್ಟು ಶಸ್ತ್ರವೈದ್ಯನಂತೆ ಕೆಲಸ ಮಾಡು ಎಂಬುದು ಒಂದು, ಇತರರನ್ನು ವಿಶ್ಲೇಷಿಸುವ ಮೊದಲು ನೀನೇ ವಿಶ್ಲೇಷಣೆಗೆ ಒಳಗಾಗು ಎಂಬ, ಯೂಂಗ್ ಇದ್ದ ಜೂರಿಕ್‌ನವರಿಂದ ಬಂದದ್ದೆಂದು ಅವರೇ ಒಪ್ಪಿಕೊಂಡ ಸಲಹೆ ಇನ್ನೊಂದು. ಕಾರ್ಲ್ ರಾಜರ್ಸ್ 1957ರಲ್ಲಿ ಮೊದಲನೆಯದನ್ನು ತಲೆಕೆಳಗು ಮಾಡಿದರು. ರೋಗಿಯ ಒಳಲೋಕವನ್ನು ನಿನ್ನದೇ ಎಂಬಂತೆ ಅನುಭವಿಸು, ಆದರೆ ‘ಎಂಬಂತೆ’ ಎನ್ನುವುದನ್ನು ಕಳೆದುಕೊಳ್ಳಬೇಡ ಎಂಬುದು ಅವರ ಮಾತಿನ ಸಾರ. ಗಾಯವುಳ್ಳ ಚಿಕಿತ್ಸಕರು ಎಡವುವುದು ಈ ಜಾಗದಲ್ಲೇ.

ಹೀಗೆ ಎಡವದಂತೆ ಕಾಯುವ ಏರ್ಪಾಡು ನಮ್ಮಲ್ಲಿ ಎಷ್ಟಿದೆ? ಭಾರತದಲ್ಲಿ ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಶೇ 10.6ರಷ್ಟು ಜನರಿಗೆ ಆ ಹೊತ್ತಿಗೆ ಮಾನಸಿಕ ಕಾಯಿಲೆ ಇತ್ತು. ಅವರಲ್ಲಿ ಬಹುಪಾಲು ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಬಳ್ಳಾರಿಯಲ್ಲಿ ಎಂಬತ್ತರ ದಶಕದಲ್ಲಿ ನಿಮ್ಹಾನ್ಸ್ ಮಾಡಿತೋರಿಸಿದ ಮಾದರಿಯೇ 1996ರಿಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆ ಹರಡಿತು. ಈಗ ಟೆಲಿ ಮಾನಸ್ ಸಹಾಯವಾಣಿಯ 14416ಕ್ಕೆ ಕರೆಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಫೋನಿನ ಆ ತುದಿಯಲ್ಲಿ ಕೂತವರಿಗೆ, ಜಿಲ್ಲಾ ಆಸ್ಪತ್ರೆಯಲ್ಲಿ ಒಬ್ಬೊಬ್ಬರಿಗೆ ಹತ್ತೇ ನಿಮಿಷ ಕೊಡಬಲ್ಲವರಿಗೆ ಅವರ ಸ್ವಂತ ನೋವಿನ ಬಗ್ಗೆ ಯಾರೂ ಕೇಳುವುದಿಲ್ಲ. ದಿನವಿಡೀ ಕೇಳಿಸಿಕೊಂಡದ್ದನ್ನು ಇಳಿಸಿಡಲು ಅವರಿಗೊಂದು ಜಾಗವೂ ಬೇಕು. ತರಬೇತಿ ಸಂಸ್ಥೆಗಳು ಪಠ್ಯದ ಜೊತೆಗೆ ಈ ಎರಡಕ್ಕೂ ವೇಳಾಪಟ್ಟಿಯಲ್ಲಿ ಗಂಟೆ ಮೀಸಲಿಡಲಿ: ವಿದ್ಯಾರ್ಥಿ ತಾನೇ ಚಿಕಿತ್ಸೆ ಪಡೆಯುವುದಕ್ಕೆ ಮತ್ತು ಅನುಭವಿಗಳ ಮುಂದೆ ಕೇಸುಗಳನ್ನು ಬಿಚ್ಚಿಡುವುದಕ್ಕೆ. ಸಮಾಲೋಚಕರನ್ನು ಹುಡುಕುತ್ತಿರುವ ಓದುಗರು, ಅವರೂ ನೊಂದಿದ್ದಾರೆಯೇ ಎಂದು ತಿಳಿಯಲು ಹೋಗುವುದು ಬೇಡ. ಮೊದಲ ಭೇಟಿಯಲ್ಲೇ, ಕಷ್ಟದ ಕೇಸು ಬಂದಾಗ ನೀವು ಯಾರೊಂದಿಗೆ ಚರ್ಚಿಸುತ್ತೀರಿ ಎಂದು ಸಂಕೋಚವಿಲ್ಲದೆ ಕೇಳಿ. ಉತ್ತರ ಬಾರದಿದ್ದರೆ, ಅಥವಾ ನಿಮ್ಮ ಮಾತಿನ ನಡುವೆ ಅವರ ಕಥೆಯೇ ಹೆಚ್ಚಾಗುತ್ತಿದ್ದರೆ, ಬೇರೆಯವರನ್ನು ಹುಡುಕಿ.